ಪ್ರತಿಕ್ರಿಯೆ: ಆಡ್ ಆಮೇಲೆ, ಮೊದ್ಲು ಇದು ನೋಡಿ

ಸೋಫಾ ರಿಪೇರಿ ಸೈಟ್ ಮಾಡಿದೀನಿ, ಜನಾನೇ ಬರ್ತಿಲ್ಲ, ಆಡ್‌ಗೆ ದುಡ್ಡು ಹಾಕ್ಲಾ ಅಂತ ಕೇಳಿದೀರಲ್ಲ, ಸದ್ಯಕ್ಕೆ ಬೇಡ ಸರ್. ಗೂಗಲ್ ಸರ್ಚ್ ಕನ್ಸೋಲ್ ಫ್ರೀ, ಅದಕ್ಕೆ ಸೈಟ್ ಸೇರಿಸಿದ್ರೆ ಯಾವ ಪೇಜ್ ಇಂಡೆಕ್ಸ್ ಆಗಿದೆ (ಅಂದ್ರೆ ಗೂಗಲ್ ತನ್ನ ಪಟ್ಟಿಗೆ ಸೇರಿಸ್ಕೊಂಡಿದೆ), ಜನ ಏನ್ ಟೈಪ್ ಮಾಡಿದಾಗ ನೀವು ಕಾಣಿಸ್ತೀರ ಅನ್ನೋದೆಲ್ಲಾ ಗೊತ್ತಾಗತ್ತೆ. ಪೇಜ್ ಟೈಟಲ್ಲೂ ನೋಡಿ, ಎಷ್ಟೋ ಸೈಟಲ್ಲಿ ಬರೀ 'ಹೋಮ್' ಅಂತಿರತ್ತೆ, ಅದ್ರಿಂದ ಯಾರಿಗೆ ಏನ್ ತಿಳಿಬೇಕು ಹೇಳಿ! 'ಸೋಫಾ ಸ್ಪ್ರಿಂಗ್ ರಿಪೇರಿ' ಅಂತ ಊರಿನ ಹೆಸರ್ ಜೊತೆ ಹಾಕಿ.

ಆಮೇಲೆ ಗಿರಾಕಿಗಳು ಫೋನಲ್ಲಿ ಕೇಳೋ ಪ್ರಶ್ನೆನೇ ಒಂದೊಂದು ಪೇಜ್ ಮಾಡಿ, ಫೋಮ್ ಕುಸಿದ್ರೆ ಬದಲಾಯಿಸ್ಬಹುದಾ, ಮನೆಗೇ ಬರ್ತೀರಾ, ಎಷ್ಟು ದಿನ ಹಿಡಿಯತ್ತೆ, ಜೊತೆಗೆ ನೀವೇ ತೆಗ್ದಿರೋ ಮುಂಚೆ-ಆಮೇಲಿನ ಫೋಟೋ. ಗೂಗಲ್ ಬಿಸಿನೆಸ್ ಪ್ರೊಫೈಲಲ್ಲಿ (ಗೂಗಲ್ ಸರ್ಚ್, ಮ್ಯಾಪ್ಸಲ್ಲಿ ನಿಮ್ ಬಿಸಿನೆಸ್ ವಿವರ ತೋರ್ಸೋದು) ಸೈಟ್ ಲಿಂಕ್ ಹಾಕೋದ್ ಮರೀಬೇಡಿ, ಅದೂ ಫ್ರೀನೇ. 'ದುಡ್ಡು ಕೊಡಿ, ಸಾವಿರಗಟ್ಲೆ ವಿಸಿಟರ್ಸ್ ತರ್ತೀವಿ' ಅನ್ನೋರ ಹತ್ರ ಮಾತ್ರ ಹೋಗ್ಬೇಡಿ, ಬರೋದು ಬಹುತೇಕ ಬಾಟ್‌ಗಳೇ, ಅಂದ್ರೆ ಜನ ಅಲ್ಲ, ತಾನಾಗೇ ಸೈಟ್ ತೆರೆಯೋ ಪ್ರೋಗ್ರಾಮ್‌ಗಳು, ಅವು ಸೋಫಾ ರಿಪೇರಿ ಮಾಡ್ಸಲ್ಲ.