ಅಂಗಳ ಗುಡಿಸಲು ಹೋಗುತ್ತಿದ್ದ ಅಕ್ಕ

(ಗುರುತು ಸಿಗಬಾರದೆಂದು ಹೆಸರು, ಊರು, ಮನೆಯವರ ವಿವರ ಬದಲಿಸಿದ್ದೇನೆ.)

ಸುಮತಿಯಕ್ಕ ಅಂತ ಇಟ್ಟುಕೊಳ್ಳೋಣ. ವಯಸ್ಸು 61. ಟೀಚರ್ ಆಗಿದ್ದು ನಿವೃತ್ತರಾದವರು. ಗಂಡ ತೀರಿಹೋಗಿದ್ದಾರೆ. ಮಣಿಪಾಲದಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದಾರೆ. ಮೇ ಕೊನೆಗೆ ಮಗಳೇ ಅವರನ್ನು ಕೌನ್ಸೆಲಿಂಗಿಗೆಂದು ನನ್ನ ಹತ್ತಿರ ಕರೆದುಕೊಂಡು ಬಂದಳು.

"ಅಮ್ಮ ದಿನಾ ಬೆಳಿಗ್ಗೆ ಫಸ್ಟ್ ಬಸ್ಸಿಗೆ ಊರಿಗೆ ಹೋಗ್ತಾರೆ ಮೇಡಂ. ಮನೆ ಕೊಟ್ಟಾಗಿದೆ, ಅಡ್ವಾನ್ಸೂ ಬಂದಿದೆ. ಆದ್ರೂ ಹೋಗಿ ಅಂಗಳ ಗುಡಿಸಿ ಬರ್ತಾರೆ. ಯಾರಿಗೆ ಬೇಕಾಗಿ ಗುಡಿಸುದು ಹೇಳಿ?"

ಸುಮತಿಯಕ್ಕ ಮಾತಾಡಲಿಲ್ಲ. ಕೈ ಮಡಿಲಲ್ಲಿತ್ತು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಚರ್ಮ ದಪ್ಪಗಾಗಿ ಹಳದಿಗೆ ತಿರುಗಿತ್ತು. ಹಿಡಿಸೂಡಿ ಹಿಡಿದು ಹಿಡಿದು ಆದದ್ದು.

ಮನೆ ಬ್ರಹ್ಮಾವರದ ಕಡೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಚಾವಡಿ, ಅಟ್ಟ, ಬಾವಿ, ಹಿಂದೆ ನಾಗಬನ, ಅಂದರೆ ನಾಗನನ್ನು ಪೂಜಿಸುವ ಮರಗಳ ತೋಪು. ಅಣ್ಣ 19ನೇ ವಯಸ್ಸಿಗೇ ಮುಂಬೈ ಸೇರಿದವರು. ತಂಗಿ ಬೆಂಗಳೂರಿನಲ್ಲಿ. ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡದ್ದು, ಅಮ್ಮ ಹೋದ ಮೇಲೂ ಒಂಬತ್ತು ವರ್ಷ ಮನೆ ನಡೆಸಿದ್ದು ಸುಮತಿಯಕ್ಕ ಒಬ್ಬರೇ. ಅಟ್ಟಕ್ಕೆ ಗೆದ್ದಲು ಹಿಡಿದಿತ್ತು. ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಸರಿಮಾಡಲು ಜನ ಸಿಗುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅವರು ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಕೈ ಮುರಿದುಕೊಂಡರು. ಆಮೇಲೆ ಮೂವರೂ ಸೇರಿ ಮಾರುವ ತೀರ್ಮಾನ ಮಾಡಿದರು. ತೀರ್ಮಾನ ಸರಿಯಾಗಿಯೇ ಇತ್ತು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ದುಃಖ ಜಾಸ್ತಿ ಆದಾಗ 'ಹಾಗಾದರೆ ಮಾರಿದ್ದೇ ತಪ್ಪು' ಅಂತ ಮನಸ್ಸು ಹೇಳಲು ಶುರು ಮಾಡುತ್ತದೆ.

ಅವರದು ಅಳಿಯಕಟ್ಟಿನ ಕುಟುಂಬ. ಮನೆತನ ಹೆಣ್ಣಿನ ಕಡೆಯಿಂದ ಮುಂದುವರಿಯುವ ಪದ್ಧತಿ. ಎರಡನೇ ಸಲ ಬಂದಾಗ ಅವರು ಬಾಯಿಬಿಟ್ಟದ್ದು ಇದನ್ನೇ: "ಅಜ್ಜಿಯಿಂದ ಅಮ್ಮನ ಕೈಗೆ ಬಂತು. ಅಮ್ಮನಿಂದ ನನ್ನ ಕೈಗೆ. ನನ್ನ ಕೈಯಲ್ಲಿ ಮುಗೀತು ಮೇಡಂ." ಅಣ್ಣನಿಗೆ ಫೋನಿನಲ್ಲಿ ಹೇಳಲು ಹೋದಾಗ, "ಗೋಡೆಗೆಲ್ಲ ಯಾರಾದ್ರೂ ಅಳ್ತಾರಾ ಮಾರಾಯ್ತಿ" ಅಂದರಂತೆ.

ಗೋಡೆಗೂ ಜನ ಅಳುತ್ತಾರೆ. ಅಮೆರಿಕದ ಬಾಸ್ಟನ್ ನಗರದ ವೆಸ್ಟ್ ಎಂಡ್ ಎಂಬ ಹಳೇ ಕೇರಿಯನ್ನು ಕೆಡವಿ ಅಲ್ಲಿನ ಜನರನ್ನು ಎಬ್ಬಿಸಿದ್ದರು. ಆ ಜನರ ಬಗ್ಗೆ 1963ರಲ್ಲಿ ಮಾರ್ಕ್ ಫ್ರೈಡ್ ಎಂಬ ಮನಶ್ಶಾಸ್ತ್ರಜ್ಞ ಬರೆದಿದ್ದಾರೆ. ಸಾವಿನ ಮನೆಯಲ್ಲಿ ಕಾಣುವಂಥದೇ ದುಃಖ ಅವರಿಗೆ ಆ ಜನರಲ್ಲಿ ಕಂಡಿತ್ತು. ಆದರೆ ಸಾವಾದರೆ ಜನ ಬಂದು ಕೂರುತ್ತಾರೆ, ಬೊಜ್ಜದ (ಉತ್ತರಕ್ರಿಯೆಯ) ದಿನ ಊಟ ಹಾಕಿ ಒಂದು ಕೊನೆ ಕಾಣಿಸುತ್ತೇವೆ. ಮನೆ ಹೋದವರನ್ನು ಮಾತಾಡಿಸಲು ಯಾರೂ ಬರುವುದಿಲ್ಲ. 'ಒಳ್ಳೇ ರೇಟು ಸಿಕ್ಕಿತಲ್ಲ' ಅನ್ನುತ್ತಾರೆ, ಅಷ್ಟೇ.

ಮೊದಲು ನಾನೇ ತಪ್ಪು ಸಲಹೆ ಕೊಟ್ಟೆ. ಎರಡು ವಾರ ಆ ಕಡೆ ಹೋಗಬೇಡಿ, ಬೆಳಿಗ್ಗೆ ಇಲ್ಲೇ ವಾಕಿಂಗ್ ಮಾಡಿ ಅಂದೆ. ಅವರು ಚಾಚೂ ತಪ್ಪದೆ ಪಾಲಿಸಿದರು. ನಿದ್ದೆ ಇನ್ನೂ ಕೆಟ್ಟಿತು. ರಾತ್ರಿ ಮಳೆ ಬಂದರೆ ಎದ್ದು ಕೂತು, ಚಾವಡಿಯಲ್ಲಿ ಎಲ್ಲೆಲ್ಲಿ ಪಾತ್ರೆ ಇಡಬೇಕು ಅಂತ ಲೆಕ್ಕ ಹಾಕುತ್ತಿದ್ದರಂತೆ. ನಿದ್ದೆ, ಊಟ ಎರಡು ವಾರಕ್ಕಿಂತ ಜಾಸ್ತಿ ಬಿಟ್ಟುಹೋದರೆ, ಬದುಕೇ ಬೇಡ ಅನ್ನಿಸಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ರಾತ್ರಿಹೊತ್ತಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು ಅಂತ ತಾಯಿ ಮಗಳಿಬ್ಬರಿಗೂ ಹೇಳಿದೆ. ಪರಿಸ್ಥಿತಿ ಅಷ್ಟು ದೂರ ಹೋಗಲಿಲ್ಲ.

ನನಗೆ ದಾರಿ ಕಂಡದ್ದು ಇನ್ನೊಂದು ಕಡೆಯಿಂದ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆಯಲ್ಲ, ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ, ಅಲ್ಲಿಗೆ ಮಗಳು ಅವರನ್ನು ಕರೆದುಕೊಂಡು ಹೋಗಿದ್ದಳು. "ಮನೆಗಳು ಭಾರೀ ಚಂದ ಉಂಟು ಮೇಡಂ," ಅಂದರು ಸುಮತಿಯಕ್ಕ. "ಆದ್ರೆ ಅಲ್ಲಿ ನನಗೆ ಗುಡಿಸ್ಲಿಕ್ಕೆ ಎಂತದೂ ಇಲ್ಲ."

ಆಗ ಗೊತ್ತಾಯಿತು. ಅಣ್ಣ, ತಂಗಿಯರಿಗೆ ಹೋದದ್ದು ರಜೆಯ ಮನೆ. ಸುಮತಿಯಕ್ಕನಿಗೆ ಹೋದದ್ದು ಕೆಲಸ. ಮಳೆ ಬಿಟ್ಟ ಮೇಲೆ ಅಂಗಳ ಬಡಿದು ಸೆಗಣಿ ಸಾರಿಸುವುದು, ತುಳಸಿಕಟ್ಟೆಗೆ ದೀಪ, ಹಲಸಿನ ಎಲೆ ಗುಡಿಸುವುದು. ನಲವತ್ತು ವರ್ಷದ ಕೆಲಸವನ್ನು ನಾನು ಒಂದೇ ಮಾತಿಗೆ ನಿಲ್ಲಿಸಿಬಿಟ್ಟಿದ್ದೆ. ಅವರಿಗೆ ಬೇಕಾಗಿದ್ದದ್ದು ಅದನ್ನು ಮುಗಿಸಲು ಸಮಯ.

ಸಲಹೆ ಬದಲಿಸಿದೆ. ಹೋಗಿ, ಆದರೆ ಮನೆಯಲ್ಲಿ ಬಾಕಿ ಇರುವ ಕೆಲಸವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ ಅಂದೆ. ವಾರಕ್ಕೆ ಮೂರು ದಿನ, ಆಮೇಲೆ ಎರಡು, ಕೊನೆಗೆ ಒಂದು. ಟೀಚರ್ ಅಲ್ವಾ, ಗೆರೆ ಎಳೆದು, ನಂಬರ್ ಹಾಕಿ 34 ಕೆಲಸ ಬರೆದು ತಂದರು. ಕಡೆಯುವ ಕಲ್ಲು ಪಕ್ಕದ ಮನೆಯವರಿಗೆ. ಉಪ್ಪಿನಕಾಯಿ ಭರಣಿ ತಂಗಿಗೆ. ಬೆಕ್ಕಿಗೆ ಮನೆ ನೋಡುವುದು. ಅಮ್ಮನ ಸೀರೆ ಪೆಟ್ಟಿಗೆ ಬಿಚ್ಚುವುದು ಅಂತ ಬರೆದು ಮೂರು ಸಲ ಅಡಿಗೆರೆ ಹಾಕಿದ್ದರು. ಅದಕ್ಕೆ ಒಬ್ಬರೇ ಹೋಗಬೇಡಿ ಅಂದೆ. ಮಗಳು ರಜೆ ಹಾಕಿ ಜೊತೆಗೆ ಹೋದಳು.

ಬನವೂ ಮನೆಯ ಜೊತೆ ಹೋದರೆ ನಾಗದೋಷ ಬಂದೀತು ಅಂತ ಅವರಿಗೆ ಹೆದರಿಕೆ ಇತ್ತು. ದೋಷ ಉಂಟಾ ಇಲ್ವಾ ಅಂತ ಹೇಳುವುದು ನನ್ನ ಕೆಲಸ ಅಲ್ಲ. ಹಿರಿಯರನ್ನು ಸೇರಿಸಿ ಕೇಳಿ, ಪತ್ರದ ವಿಷಯ ವಕೀಲರ ಹತ್ತಿರ ಮಾತಾಡಿ ಅಂದೆ. ಬನ ಇರುವ ಐದು ಸೆಂಟ್ಸ್ ಜಾಗ ಉಳಿಸಿಕೊಂಡು, ಅಲ್ಲಿಗೆ ಹೋಗಿಬರುವ ದಾರಿಯ ಹಕ್ಕನ್ನು ಕ್ರಯಪತ್ರದಲ್ಲೇ ಬರೆಸಿದರು. ತಗೊಂಡವರು ತಕರಾರು ಮಾಡಲಿಲ್ಲ. ಮನೆ ಮಾರುವವರಿಗೆಲ್ಲ ಇದನ್ನು ಹೇಳುತ್ತೇನೆ: ಬಾಯಿಮಾತಿನಲ್ಲಿ ಬಿಡಬೇಡಿ, ರಿಜಿಸ್ಟ್ರೇಶನ್‌ಗೆ ಮುಂಚೆ ಬರೆಸಿಕೊಳ್ಳಿ.

ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ಮೂವರೂ ಒಂದು ರಾತ್ರಿ ಆ ಮನೆಯಲ್ಲಿ ಉಳಿಯಬೇಕು ಅಂತ ಕೇಳಿಕೊಂಡೆ. ಒಂದೇ ಷರತ್ತು, ಆವತ್ತು ಪಾಲಿನ ಮಾತು ಬೇಡ. ಅಣ್ಣ ಮತ್ಸ್ಯಗಂಧ ರೈಲಿನಲ್ಲಿ ಬಂದರು. ಗಂಜಿ, ಒಣಮೀನಿನ ಚಟ್ನಿ ಉಂಡರಂತೆ. ಬೆಳಿಗ್ಗೆ ಸುಮತಿಯಕ್ಕ ಏಳುವಾಗ ಅಣ್ಣ ಬಚ್ಚಲುಮನೆಯ ಮಾಡಿನಿಂದ ಒಂದು ಹಂಚು ಇಳಿಸಿ ತೊಳೆಯುತ್ತಿದ್ದರು. ಪಾಚಿ ಉಜ್ಜಿದಾಗ ಹಂಚಿನ ಕಾರ್ಖಾನೆಯ ಅಚ್ಚಿನ ಅಕ್ಷರ ಒಂದೊಂದೇ ಎದ್ದು ಬಂತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಶುರು ಮಾಡಿದ ಹಂಚಿನ ಕೆಲಸ ಆಮೇಲೆ ಎಷ್ಟೋ ಕಾರ್ಖಾನೆಗಳಿಗೆ ಹಬ್ಬಿತು. ಅಂಥ ಒಂದು ಕಾರ್ಖಾನೆಯ ಹಂಚು. ಅಣ್ಣ ಅದನ್ನು ಬೈರಾಸಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು. ಗೋಡೆಗೆ ಅಳುವುದಾ ಅಂದವರು ಅವರೇ. ಸುಮತಿಯಕ್ಕ ಏನೂ ಕೇಳಲಿಲ್ಲ. ಇಬ್ಬರೂ ಜಗಲಿಯಲ್ಲಿ ಕೂತು ಚಹಾ ಕುಡಿದರು.

ಅಪರಾಧಿ ಭಾವಕ್ಕೆ ನಾನು ಸಮಾಧಾನದ ಮಾತು ಹೇಳಲಿಲ್ಲ. ಅಮ್ಮ ಹೋದ ಮೇಲಿನ ಒಂಬತ್ತು ವರ್ಷದಲ್ಲಿ ಮನೆಗಾಗಿ ಏನೇನು ಮಾಡಿದಿರಿ ಅಂತ ಅದೇ ಪುಸ್ತಕದ ಹಿಂದಿನಿಂದ ಬರೆಸಿದೆ. ಹನ್ನೊಂದು ಪುಟ ಆಯಿತು. ಅದನ್ನು ಅಣ್ಣ, ತಂಗಿ ಇಬ್ಬರೂ ಓದಿದರು. ತಂಗಿ ಫೋನ್ ಮಾಡಿ ತುಂಬ ಹೊತ್ತು ಅತ್ತಳಂತೆ. "ನಮಗೆ ಗೊತ್ತೇ ಇರ್ಲಿಲ್ಲ ಅಕ್ಕ" ಅಂದಳಂತೆ.

ದೀಪಾವಳಿಗೆ ಒಂದು ವಾರ ಮುಂಚೆ ಬೀಗದ ಕೈ ಕೊಟ್ಟರು. ಅವತ್ತು ಅಂಗಳ ಗುಡಿಸಿ, ಹಿಡಿಸೂಡಿಯನ್ನು ಬಾಗಿಲ ಮೂಲೆಗೆ ಒರಗಿಸಿ ಬಂದರು. ತರಬೇಕು ಅನ್ನಿಸಲಿಲ್ಲವಂತೆ. ತಗೊಂಡವರು ಮನೆ ಬಿಚ್ಚುವ ದಿನ ನೋಡಲು ಹೋಗಬೇಕಾ ಅಂತ ಕೇಳಿದ್ದರು. ಬೇಡ ಅಂದೆ. ನೋಡಿದ ಮೇಲೆ ಸಮಾಧಾನ ಆದವರಿಗಿಂತ ಆ ನೋಟ ಕಣ್ಣಲ್ಲೇ ಉಳಿದವರನ್ನು ನಾನು ಜಾಸ್ತಿ ಕಂಡಿದ್ದೇನೆ.

ಈ ವರ್ಷ ನಾಗರಪಂಚಮಿಗೆ ಮೂವರೂ ಬನಕ್ಕೆ ಹೋಗಿ ತನು (ನಾಗನಿಗೆ ಹಾಲು, ಎಳನೀರಿನ ಅಭಿಷೇಕ) ಹಾಕಿ ಬಂದಿದ್ದಾರೆ. ಬಾವಿ ಹಾಗೇ ಇದೆಯಂತೆ, ಮನೆಯಿದ್ದಲ್ಲಿ ಹುಲ್ಲು. ಆ ರಾತ್ರಿ ನಿದ್ದೆ ಬರಲಿಲ್ಲ, ಮರುದಿನದಿಂದ ಬಂತು ಅಂದರು. ಮುಂದಿನ ಭೇಟಿಗೆ ದಿನ ಗೊತ್ತು ಮಾಡಿಲ್ಲ. ಬೇಕು ಅನ್ನಿಸಿದರೆ ಫೋನ್ ಮಾಡುತ್ತೇನೆ ಅಂದಿದ್ದಾರೆ.