ಕಣ್ಣು ನೋಡೋಕೆ ಚೆನ್ನಾಗಿದೆ, ದೃಷ್ಟಿ ಮಾತ್ರ ಮಂಜು: ಕೊಯ್ಲು ಮುಗಿಯುವವರೆಗೆ ಕಾಯಬಹುದಾ?

ಪ್ರಶ್ನೆ: ಮಗಳಿಗೆ 26 ವರ್ಷ. ಐದು ದಿನದಿಂದ ಬಲಗಣ್ಣು ಮಂಜಾಗಿದೆ, ಕಣ್ಣು ಹೊರಳಿಸಿದರೆ ನೋವು. ಹಂಡೆಯ ಬಿಸಿನೀರಲ್ಲಿ ಮಿಂದು ಬಂದರೆ ಮಂಜು ಇನ್ನೂ ಜಾಸ್ತಿ. ಇಲ್ಲಿನ ಡಾಕ್ಟರು ‘ಕಣ್ಣಲ್ಲಿ ಏನೂ ಕಾಣ್ತಿಲ್ಲ, ನರದ ಉರಿಯೂತ ಇರಬಹುದು, ಶಿವಮೊಗ್ಗಕ್ಕೆ ಹೋಗಿ ಎಂಆರ್‌ಐ, ರಕ್ತಪರೀಕ್ಷೆ ಮಾಡಿಸಿ’ ಅಂದಿದ್ದಾರೆ. ಮನೆಯವರು ಅಡಿಕೆ ಕೊನೆ ಕೊಯ್ಲು ಮುಗಿಯಲಿ, ಅಲ್ಲಿವರೆಗೆ ಸ್ಟೀರಾಯ್ಡ್ ಮಾತ್ರೆ ಕೊಡೋಣ ಅಂತಾರೆ. ಕಾಯಬಹುದಾ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕಾಯಬೇಡಿ ಅಮ್ಮ. ನಾಳೆಯೇ ಹೊರಡಿ. ಶಿವಮೊಗ್ಗವಾದರೂ ಸರಿ, ಆಗುಂಬೆ ಘಾಟಿ ಇಳಿದು ಮಣಿಪಾಲವಾದರೂ ಸರಿ.

ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ಉರಿಯೂತ ಕಣ್ಣುಗುಡ್ಡೆಯ ಹಿಂದೆ, ನರದಲ್ಲಿ ಇದ್ದರೆ ಒಳಗೆ ಬೆಳಕು ಬಿಟ್ಟು ನೋಡಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಸುಳಿವು ಬೇರೆ ಕಡೆ ಸಿಗುತ್ತದೆ. ಕುಂಕುಮದ ಭರಣಿಯನ್ನು ಮಗಳಿಗೆ ಒಂದೊಂದೇ ಕಣ್ಣಲ್ಲಿ ತೋರಿಸಿ. ಎಡಗಣ್ಣಿಗೆ ಕೆಂಪಗೆ ಕಂಡದ್ದು ಬಲಗಣ್ಣಿಗೆ ಮಾಸಿದ ಇಟ್ಟಿಗೆ ಬಣ್ಣವಾಗಿ ಕಂಡರೆ ನರದ ಮೇಲೇ ಅನುಮಾನ. ಡಾಕ್ಟರು ಟಾರ್ಚನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ಆಡಿಸುವುದೂ ಇದಕ್ಕೇ. ಬೆಳಕು ಬಿದ್ದಾಗ ಕಿರಿದಾಗಬೇಕಾದ ಪಾಪೆ, ಪೆಟ್ಟು ತಿಂದ ಕಣ್ಣಲ್ಲಿ ಹಿಗ್ಗುತ್ತದೆ.

ಇನ್ನು ಮಾತ್ರೆಯ ವಿಷಯ. ದಯವಿಟ್ಟು ಅಂಗಡಿಯಿಂದ ತಂದು ಕೊಡಬೇಡಿ. 1992ರಲ್ಲಿ, ಕಣ್ಣಿನ ನರದ ಉರಿಯೂತ ಇದ್ದವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ ಬಂತು. ಡ್ರಿಪ್‌ನಲ್ಲಿ ಮೂರು ದಿನ ಜಾಸ್ತಿ ಪ್ರಮಾಣದ ಸ್ಟೀರಾಯ್ಡ್ ಪಡೆದವರ ದೃಷ್ಟಿ ಬೇಗ ಮರಳಿತು. ಸಾಮಾನ್ಯ ಪ್ರಮಾಣದ ಮಾತ್ರೆ ಮಾತ್ರ ನುಂಗಿದವರಿಗೆ ಲಾಭ ಆಗಲಿಲ್ಲ, ಕಾಯಿಲೆ ಮರುಕಳಿಸುವುದೇ ಹೆಚ್ಚಾಯಿತು. ಸಕ್ಕರೆ ಕಾಯಿಲೆ, ಕ್ಷಯದಂಥದ್ದು ಇಲ್ಲ ಅಂತ ನೋಡಿಕೊಂಡೇ ಸ್ಟೀರಾಯ್ಡ್ ಶುರು ಮಾಡುವುದು, ಅದನ್ನೂ ಅಂಗಡಿಯವರು ನೋಡಲ್ಲ, ಅಲ್ವಾ?

ರಕ್ತಪರೀಕ್ಷೆಗೆ ಹಣ ದಂಡ ಅಂತ ಮನೆಯಲ್ಲಿ ಯಾರಾದರೂ ಅಂದಾರು. ಒಪ್ಪಬೇಡಿ. ಹಿಂದೆ ಇಂಥ ಉರಿಯೂತ ಕಂಡರೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರಬಹುದಾ ಅಂತಲೇ ಮೊದಲು ಯೋಚಿಸುತ್ತಿದ್ದೆವು. 2004ರಲ್ಲಿ ಎನ್‌ಎಂಓ ಎಂಬ, ಕಣ್ಣಿನ ನರ, ಬೆನ್ನುಹುರಿಗೆ ಪೆಟ್ಟು ಕೊಡುವ ಬೇರೆಯದೇ ಕಾಯಿಲೆಗೆ ಕಾರಣವಾದ ಪ್ರತಿಕಾಯ (ನಮ್ಮ ದೇಹದ ಮೇಲೇ ತಿರುಗಿಬೀಳುವ ರಕ್ಷಣಾ ಪ್ರೋಟೀನು) ಪತ್ತೆಯಾಯಿತು. ಅದು ರಕ್ತದಲ್ಲಿ ಇದೆಯಾ ಅಂತ ನೋಡುವುದೇ ಅಕ್ವಪೋರಿನ್-4 ಪರೀಕ್ಷೆ. ಆಮೇಲೆ ಮಾಗ್ ಎಂಬ ಇನ್ನೊಂದು ಪ್ರತಿಕಾಯದ ಕಾಯಿಲೆ ಗೊತ್ತಾಯಿತು. ಅದನ್ನು ಗುರುತಿಸುವ ಮಾನದಂಡ ಪ್ರಕಟವಾದದ್ದು 2023ರಲ್ಲಿ. ಮೂರೂ ಶುರುವಿನಲ್ಲಿ ಒಂದೇ ಥರ ಕಾಣಬಹುದು, ದಾರಿ ಮಾತ್ರ ಬೇರೆ. ಮಾಗ್‌ನಲ್ಲಿ ದೃಷ್ಟಿ ಸಾಮಾನ್ಯವಾಗಿ ಚೆನ್ನಾಗಿ ಮರಳುತ್ತದೆ, ಆದರೆ ಸ್ಟೀರಾಯ್ಡ್ ಗಬಕ್ಕನೆ ನಿಲ್ಲಿಸಿದರೆ ಮತ್ತೆ ಬರಬಹುದು. ಎನ್‌ಎಂಓ ಹಾಗಲ್ಲ, ಒಂದೇ ಸಲದ ಪೆಟ್ಟಿಗೆ ಕಣ್ಣು ಹೋಗಬಹುದು. ಅದಕ್ಕೆ ಡ್ರಿಪ್ ಸಾಲದಿದ್ದರೆ ಬೇಗನೆ ರಕ್ತದ ಪ್ಲಾಸ್ಮಾ, ಅಂದರೆ ಅದರ ದ್ರವಭಾಗ ಬದಲಿಸಬೇಕು, ಮುಂದೆಯೂ ರೋಗನಿರೋಧಕ ಶಕ್ತಿಯನ್ನು ಹತೋಟಿಯಲ್ಲಿಡುವ ರಿಟುಕ್ಸಿಮ್ಯಾಬ್‌ನಂಥ ಔಷಧಿ ಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್ ಎನ್‌ಎಂಓ ಇದ್ದವರಿಗೆ ಕೊಟ್ಟರೆ ಕಾಯಿಲೆ ಕೆರಳುತ್ತದೆ. ಹೆಸರು ಗೊತ್ತಾಗದೆ ಮುಂದಿನ ಔಷಧಿ ಕೊಡಬಾರದು ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ.

ಸಾಧ್ಯವಾದರೆ ಡ್ರಿಪ್ ಹಾಕುವ ಮುಂಚೆಯೇ ರಕ್ತ ತೆಗೆಸಿ. ವರದಿ ಬರಲು ದಿನಗಳಾಗುತ್ತವೆ, ಅದಕ್ಕಾಗಿ ಡ್ರಿಪ್ ನಿಲ್ಲಿಸಬೇಡಿ. ಎಂಆರ್‌ಐ ಬರೆಯುವಾಗ ಮಿದುಳಿನ ಜೊತೆ ಕಣ್ಣಿನ ನರವನ್ನೂ ತೋರಿಸುವ ಹಾಗೆ ಕೇಳಿ.

ಬಿಸಿನೀರಿನ ಬಗ್ಗೆ ಹೆದರಬೇಡಿ. ಮೈ ಬಿಸಿಯಾದಾಗ ಪೆಟ್ಟಾದ ನರದಲ್ಲಿ ಸಂದೇಶ ತಡವರಿಸುತ್ತದೆ, ತಣ್ಣಗಾದರೆ ಮೊದಲಿನಂತಾಗುತ್ತದೆ. ನರಕ್ಕೆ ಹೊಸದಾಗಿ ಹಾನಿಯಾಗಲ್ಲ. ಸದ್ಯಕ್ಕೆ ಉಗುರು ಬೆಚ್ಚಗಿನ ನೀರು ಸಾಕು.

ಹೊರಡುವ ಮುಂಚೆಯೇ ಎಡಗಣ್ಣೂ ಮಂಜಾದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ, ಇಲ್ಲವೇ ಬಿಕ್ಕಳಿಕೆ, ವಾಂತಿ ನಿಲ್ಲದೇ ಇದ್ದರೆ ಬೆಳಗಾಗುವವರೆಗೂ ನೋಡಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.