ಕ್ಯಾಸ್ಕೇಡ್ ಬದಲು ಕೊಲಂಬಸ್ ಹಾಕಿದ್ದಕ್ಕೆ ಪೇಲ್ ಏಲ್ ಕಹಿಯಾಯಿತೇ?

ಮನೆಯಲ್ಲಿ ಪೇಲ್ ಏಲ್ ಬಿಯರ್ ಮಾಡುವಾಗ ರೆಸಿಪಿಯ 30 ಗ್ರಾಂ ಕ್ಯಾಸ್ಕೇಡ್ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಜಾಗಕ್ಕೆ 30 ಗ್ರಾಂ ಕೊಲಂಬಸ್ ಹಾಪ್ಸನ್ನೇ ಕುದಿಯ ಶುರುವಿನಲ್ಲಿ ಹಾಕಿದ್ದೀರಿ, ಬಿಯರ್ ಬೇವಿನ ಕಷಾಯದಂತಾಗಿರುವುದಕ್ಕೆ ಬಹುತೇಕ ಅದೇ ಕಾರಣ. ತೂಕ ಒಂದೇ, ಕಹಿ ಕೊಡುವ ಆಲ್ಫಾ ಆಸಿಡ್ ಒಂದೇ ಅಲ್ಲ. ಕ್ಯಾಸ್ಕೇಡಿನಲ್ಲಿ ಅದು ಸಾಮಾನ್ಯವಾಗಿ ಶೇ. 5-7, ಕೊಲಂಬಸ್ಸಿನಲ್ಲಿ ಶೇ. 15ರ ಆಸುಪಾಸು.

ಮುಂದಿನ ಸಲ ಮೊದಲು ಪ್ಯಾಕೆಟ್ ಮೇಲಿನ ಆಲ್ಫಾ ಆಸಿಡ್ ಶೇಕಡಾ ನೋಡಿ, ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ಆಮೇಲೆ ರೆಸಿಪಿಯ ಗ್ರಾಂ ಲೆಕ್ಕವನ್ನು ಅದರ ಹಾಪ್ಸಿನ ಶೇಕಡಾದಿಂದ ಗುಣಿಸಿ, ನಿಮ್ಮ ಕೈಲಿರುವ ಹಾಪ್ಸಿನ ಶೇಕಡಾದಿಂದ ಭಾಗಿಸಿ. 30 × 6 ÷ 15, ಅಂದರೆ 12 ಗ್ರಾಂ ಸಾಕಿತ್ತು! ಈ ಲೆಕ್ಕ 60 ನಿಮಿಷ ಕುದಿಯುವ ಹಾಪ್ಸಿಗೆ ಮಾತ್ರ. ಕೊನೆಯ 5-10 ನಿಮಿಷಕ್ಕೆ ಹಾಕುವುದು ಘಮಕ್ಕೆ ಅಲ್ವಾ, ಅಲ್ಲಿ ಕೊಲಂಬಸ್ ಬೇಡ. ಅದರದ್ದು ಕರಿಮೆಣಸು, ರಾಳದ ವಾಸನೆ, ಕ್ಯಾಸ್ಕೇಡಿನ ಚಕ್ಕೋತ ಸಿಪ್ಪೆಯ ಘಮ ಬರುವುದಿಲ್ಲ. ಸೆಂಟೆನಿಯಲ್ ಹಾಪ್ಸ್ ಸಿಕ್ಕರೆ ಅದನ್ನು ಹಾಕಿ, 30ರ ಬದಲು 20-25 ಗ್ರಾಂನಿಂದ ಶುರು ಮಾಡಿ.

ಈಗಿನ ಬ್ಯಾಚು ಸುಮ್ನೆ ಚೆಲ್ಲಬೇಡಿ. ಸಕ್ಕರೆ ಗಿಕ್ಕರೆ ಸುರಿಯಲೂಬೇಡಿ, ಈಸ್ಟ್ ಅದನ್ನು ತಿಂದು ಗ್ಯಾಸ್ ಜಾಸ್ತಿಯಾಗಿ ಬಾಟಲಿ ಒಡೆದೀತು. ಒಂದು ತಿಂಗಳು ಬಿಟ್ಟು ರುಚಿ ನೋಡಿ. ಕಹಿ ಸ್ವಲ್ಪ ಇಳಿಯಬಹುದು, ಪೂರ್ತಿ ಹೋಗುವುದಿಲ್ಲ.